ಬೋನಸ್ ಗುಮಾಸ್ತನ ಪುಟಗಳು

10 ಅಕ್ಟೋಬರ್ 2024, ಗುರುವಾರ. ಡೊಂಬಿವಲಿ

ರತನ್ ಟಾಟಾ ತೀರಿಕೊಂಡ ಸುದ್ದಿ ನಿನ್ನೆ ನಡುರಾತ್ರಿಯ ಹೊತ್ತಿಗೆ ಬಂತು. ಬೆಳಗ್ಗೆ ಹಾಲಿನವನೂ ಅದನ್ನೇ ಹೇಳಿದ, ಲಿಫ್ಟಿನಲ್ಲಿ ಸಿಕ್ಕವರೂ ಅದನ್ನೇ ಹೇಳಿದರು. ನನಗೆ ನೆನಪಾದದ್ದು ಬೇರೆ. ಟಾಟಾ ಸ್ಟೀಲಿನಲ್ಲಿ ಲಾಭದಲ್ಲಿ ಪಾಲು ಎಂದು ಬೋನಸ್ ಕೊಡಲು ಶುರು ಮಾಡಿದ್ದು 1934ರಲ್ಲಿ. ಬೋನಸ್ ಕಾಯ್ದೆ ಬಂದದ್ದು 1965ರಲ್ಲಿ. ನಡುವೆ 31 ವರ್ಷ. ದೊಡ್ಡ ಮನುಷ್ಯ ಹೋದಾಗ ಕಾಯ್ದೆಯ ಇಸವಿ ನೆನಪಾಗುವವನು ಬೋನಸ್ ಗುಮಾಸ್ತನಲ್ಲದೆ ಇನ್ನಾರು?

ಸಂಜೆ ಕಲ್ಯಾಣದಿಂದ ಅಳಿಯನ ಫೋನು. ದೀಪಾವಳಿ ಎದುರಿಗಿರುವಾಗ ಅವನ ಹೋಟೆಲಿನ ಇಬ್ಬರು ಸಪ್ಲಾಯರುಗಳು ಘೋಡಬಂದರ್ ರೋಡಿನ ಬೇರೆ ಹೋಟೆಲಿಗೆ ಹೋಗಿದ್ದಾರೆ. ಈಗ ಅಡುಗೆ ಭಟ್ಟರಿಗೂ ಯಾರೋ ಗಾಳ ಹಾಕುತ್ತಿದ್ದಾರೆಂದು ಗುಮಾನಿ.

"ಮಾವ, ಇವರಿಗೆಲ್ಲ ಲಾಭದಲ್ಲಿ ಪಾಲು ಅಂತ ಮಾಡಿದರೆ ಹೇಗೆ? ನೀವು ಜೀವಮಾನ ಇಡೀ ಅದೇ ಕೆಲಸ ಮಾಡಿದವರು. ಒಂದು ಕಾಗದ ಬರೆದು ಕೊಡಿ."

ಆಯಿತು ಎಂದೆ. ನಿವೃತ್ತಿಯಾಗಿ ಎಂಟು ವರ್ಷಗಳಾದವು. ಯಾರಾದರೂ ಕಾಗದ ಬರೆದುಕೊಡಿ ಎಂದರೆ ಈಗಲೂ ಕೈ ತುರಿಸುತ್ತದೆ.

12 ಅಕ್ಟೋಬರ್, ಶನಿವಾರ. ದಸರಾ

ಎಂಐಡಿಸಿ ಒಂದನೇ ಫೇಜಿನ ಕಡೆ ನಡೆದುಕೊಂಡು ಹೋದೆ. ಗೇಟುಗಳಿಗೆಲ್ಲ ಚೆಂಡುಹೂವಿನ ತೋರಣ. ಮೇ ತಿಂಗಳಲ್ಲಿ ರಾಸಾಯನಿಕ ಕಾರ್ಖಾನೆಯ ರಿಯಾಕ್ಟರು ಸಿಡಿದಾಗ ಒಡೆದ ಕಿಟಕಿಗಳಿಗೆ ಕೆಲವು ಕಡೆ ಇನ್ನೂ ಪ್ಲಾಸ್ಟಿಕ್ ಹಾಳೆ. ನನ್ನ ಕಂಪೆನಿ ಇದ್ದಲ್ಲಿ ಈಗ ಯಾರದೋ ಗೋಡೌನು. ವಾಚ್‌ಮನ್ ಹೊಸಬ. "ಇಲ್ಲಿ ಮೂವತ್ತೈದು ವರ್ಷ ಕೂತಿದ್ದೆ" ಎಂದರೆ "ಅಚ್ಛಾ" ಎಂದು ಸೇವಂತಿಗೆ ಕಟ್ಟುವುದನ್ನು ಮುಂದುವರಿಸಿದ.

ನಾನು ಕೂತಿದ್ದ ಮೂಲೆಯಲ್ಲಿ ನಾಲ್ಕು ಫಾರ್ಮುಗಳಿದ್ದವು. ಫಾರ್ಮ್ ಎ: ಹಂಚಬಹುದಾದ ಮೊತ್ತ ಎಷ್ಟು. ಫಾರ್ಮ್ ಬಿ: ಈ ವರ್ಷ ಹೆಚ್ಚಾದದ್ದನ್ನು ಮುಂದಕ್ಕೊಯ್ಯುವ, ಕಡಿಮೆ ಬಿದ್ದದ್ದನ್ನು ಮುಂದೆ ವಜಾ ಮಾಡುವ 'ಸೆಟ್ ಆನ್, ಸೆಟ್ ಆಫ್', ನಾಲ್ಕು ವರ್ಷದವರೆಗೆ. ಫಾರ್ಮ್ ಸಿ: ಯಾರಿಗೆ ಎಷ್ಟು, ಎಷ್ಟು ಕಡಿತ, ಸಹಿ. ಫಾರ್ಮ್ ಡಿ ಸರ್ಕಾರಕ್ಕೆ. ಕಾರ್ಮಿಕರು ನೋಡುತ್ತಿದ್ದದ್ದು ಸಿ ಒಂದನ್ನೇ. ಹೆಬ್ಬೆಟ್ಟು ಒತ್ತುವವರಿಗೆ ಅದೂ ಇಲ್ಲ, ಅವರ ಹೆಸರಿನ ಎದುರಿನ ಚೌಕ ಮಾತ್ರ.

ಈ ಬೋನಸ್ ಎನ್ನುವುದು ಹುಟ್ಟಿದ್ದೇ ಮುಂಬಯಿಯಲ್ಲಿ. 1917ರಲ್ಲಿ, ಮೊದಲ ಮಹಾಯುದ್ಧದ ದುಬಾರಿ ಕಾಲದಲ್ಲಿ, ಬಟ್ಟೆ ಗಿರಣಿಗಳ ಮಾಲೀಕರು 'ಯುದ್ಧ ಬೋನಸ್' ಎಂದು ಕೊಟ್ಟರು. ಕೆಲವು ವರ್ಷ ಕೊಟ್ಟು 1923ರಲ್ಲಿ ಇಲ್ಲ ಎಂದರು. 1924ರ ಆರಂಭದಲ್ಲಿ ಗಿರಣಿಗಳು ನಿಂತವು. ಕೊಟ್ಟವರ ಪ್ರಕಾರ ಅದು ಇನಾಮು, ಪಡೆದವರ ಪ್ರಕಾರ ಹಕ್ಕು. 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಒಂದು ಸೂತ್ರ ಕಟ್ಟಿತು, 1961ರಲ್ಲಿ ಮೆಹೆರ್ ಆಯೋಗ ಕೂತಿತು, 1965ರಲ್ಲಿ ಕಾಯ್ದೆ. ಕನಿಷ್ಠ ಶೇ. 8.33, ಗರಿಷ್ಠ ಶೇ. 20. (ಮೊದಲು ಕನಿಷ್ಠ 4 ಇತ್ತು, ಆಮೇಲೆ 8.33 ಆಯಿತು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ 4ಕ್ಕೆ ಇಳಿಸಿದರು. ಅದು ಹೋದ ಮೇಲೆ ಮತ್ತೆ ಏರಿತು.) ಲಾಭವಿರಲಿ ಇಲ್ಲದಿರಲಿ 8.33 ಕೊಡಲೇಬೇಕು. ಅಂದರೆ ಒಂದು ತಿಂಗಳ ಸಂಬಳ. ಹಾಗಾದರೆ ಅದು ಲಾಭದ ಪಾಲು ಹೇಗಾಯಿತು? ತಡವಾಗಿ ಕೊಟ್ಟ ಹದಿಮೂರನೆಯ ಸಂಬಳ ಅಷ್ಟೆ. ಲಾಭದ ಪ್ರಶ್ನೆ ಏಳುವುದು 8.33ರಿಂದ 20ರ ನಡುವೆ ಮಾತ್ರ.

15 ಅಕ್ಟೋಬರ್, ಮಂಗಳವಾರ

ಮಗ ಐರೋಲಿಯಿಂದ ಒಂಬತ್ತೂವರೆಗೆ ಬಂದ. ಊಟಕ್ಕೆ ಕೂತಾಗ ಅಳಿಯನ ವಿಷಯ ಹೇಳಿದೆ. ನಕ್ಕ.

"ಬಂಡವಾಳಶಾಹಿಗೆ ಕಲ್ಯಾಣ ಸ್ಟೇಷನ್ನಿನ ಎದುರು ಪರ್ಯಾಯ ಹುಡುಕ್ತಿದ್ದೀರಾ ಅಪ್ಪ?"

ಅವನಿಗೆ ಕಂಪೆನಿಯವರು ಷೇರು ಕೊಟ್ಟಿದ್ದಾರೆ. ಕೊಟ್ಟಿದ್ದಾರೆ ಎಂದರೆ, ನಾಲ್ಕು ವರ್ಷ ಅಲ್ಲೇ ಇದ್ದರೆ ಒಂದೊಂದು ಕಂತಾಗಿ ಸಿಗುತ್ತದೆ. ಇನ್ಫೋಸಿಸ್ 1990ರ ದಶಕದಲ್ಲಿ ನೌಕರರಿಗೆ ಷೇರು ಹಂಚಿದ್ದರಿಂದ ಎಷ್ಟೋ ಸಂಬಳದವರು ಮನೆ ಕಟ್ಟಿದರು. ನಮ್ಮವರ ಕಂಪೆನಿ ಎಂದು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ಷೇರಿನ ಬೆಲೆ ಏರುವುದು ಬೇರೆ, ಈ ವರ್ಷದ ಲಾಭ ಹಂಚಿಕೊಳ್ಳುವುದು ಬೇರೆ. ಒಂದರಲ್ಲಿ ನೀನು ಮಾಲೀಕನ ಹಾಗೆ ಪೇಟೆಯ ಕಡೆ ನೋಡುತ್ತಾ ಕೂರಬೇಕು. ಇನ್ನೊಂದರಲ್ಲಿ ಪಕ್ಕದವನ ಜೊತೆ ಕೂತು ಲೆಕ್ಕ ನೋಡಬೇಕು. ಇದನ್ನು ಅವನಿಗೆ ಹೇಳಿದೆ. "ಕೂತು ಲೆಕ್ಕ ನೋಡಲು ಯಾರಿಗೆ ಪುರುಸೊತ್ತು" ಎಂದ. ಇವಳು ಸಾರು ಬಡಿಸುತ್ತಾ, "ಲೆಕ್ಕ ನೋಡುವವರು ಒಬ್ಬರು ಮನೆಯಲ್ಲಿ ಸಾಕು" ಎಂದಳು.

20 ಅಕ್ಟೋಬರ್, ಭಾನುವಾರ

ಕರ್ನಾಟಕ ಸಂಘದ ಮಂಜುನಾಥ ಶಾಲೆಯ ಕಡೆ ಹೋಗಿ ಬರುವಾಗ ಹಳೆಯ ಸಹೋದ್ಯೋಗಿಯೊಬ್ಬ ಸಿಕ್ಕಿದ. ಚಹಾ ಕುಡಿದೆವು. ಅಳಿಯನ ಕಾಗದದ ಮಾತು ಬಂದಾಗ ಅವನು ತೆಗೆದದ್ದು ಕುರ್ಲಾದ ಕಮಾನಿ ಟ್ಯೂಬ್ಸ್ ಕತೆ. 1985ರಲ್ಲಿ ಮುಚ್ಚಿದ ಆ ಕಾರ್ಖಾನೆಯನ್ನು 1988ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಕಾರ್ಮಿಕರ ಸಹಕಾರಿ ಸಂಘವೇ ವಹಿಸಿಕೊಂಡಿತು. ಆಗ ಲೋಕಲ್ ಟ್ರೇನಿನಲ್ಲಿ ಅದೇ ಮಾತು. ಕೆಲವು ವರ್ಷ ನಡೆಯಿತು, 1990ರ ದಶಕದಲ್ಲಿ ಮತ್ತೆ ಕುಸಿಯಿತು. "ನೋಡಿದಿರಲ್ಲ, ನಮ್ಮವರ ಕೈಯಲ್ಲಿ ಆಗುವುದಲ್ಲ" ಎಂದ. ಮಾಲೀಕರ ಕೈಯಲ್ಲಿ ಅದು ಮೊದಲೇ ಒಮ್ಮೆ ಮುಳುಗಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೋಹನೆಯ ಎನ್‌ಆರ್‌ಸಿ ರೇಯಾನ್ ಕಾರ್ಖಾನೆ 2009ರಲ್ಲಿ ಮುಚ್ಚಿತು. ಅದು ಯಾರ ಕೈಯಲ್ಲಿತ್ತು?

ಮನೆಗೆ ಬಂದ ಮೇಲೆ ಅಮ್ಮನ ನೆನಪು ಬಿಡಲಿಲ್ಲ. ಮಂಜೇಶ್ವರದ ಮನೆಯ ಜಗಲಿ, ಮೊಣಕಾಲ ಮೇಲೆ ಗೆರಸೆ, ಒಂದು ಕಡೆ ಹೊಗೆಸೊಪ್ಪು, ಇನ್ನೊಂದು ಕಡೆ ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೆತ್ತಗಾದ ಬೀಡಿ ಎಲೆ. ಮಾತಾಡುತ್ತಿದ್ದರೂ ಬೆರಳು ನಿಲ್ಲುತ್ತಿರಲಿಲ್ಲ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಶನಿವಾರ ಬ್ರಾಂಚಿಗೆ ಹೋದರೆ ಕಟ್ಟು ಬಿಚ್ಚಿ, ಇದು ಸಪೂರ, ಇದು ಸಡಿಲ ಎಂದು ಒಂದು ಹಿಡಿ ತೆಗೆದು ಬದಿಗೆ ಹಾಕುವರು. ಅದಕ್ಕೆ ದುಡ್ಡಿಲ್ಲ. ಬೀಡಿ ವಾಪಸ್ಸೂ ಇಲ್ಲ. ಆ ಹಿಡಿಯನ್ನು ಯಾವ ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ.

1968ರ ಅಕ್ಟೋಬರ್. ನನಗೆ ಹತ್ತು ವರ್ಷ. ಆಗ ನಮ್ಮದೂ ಕಣ್ಣೂರು ಜಿಲ್ಲೆಯೇ, ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಬೀಡಿ ಕಾರ್ಮಿಕರ 1966ರ ಕಾಯ್ದೆಯನ್ನು ಕೇರಳ ಸರ್ಕಾರ ಜಾರಿ ಮಾಡಿದಾಗ, ಮಂಗಳೂರಿನ ದೊಡ್ಡ ಬೀಡಿ ಮಾಲೀಕರು ಕಣ್ಣೂರಿನ ತಮ್ಮ ಕೆಲಸಶಾಲೆಗಳಿಗೆ ಬೀಗ ಹಾಕಿದರು. 12 ಸಾವಿರದಷ್ಟು ಜನ ಬೀದಿಗೆ ಬಿದ್ದರು. ಮರುವರ್ಷ ಫೆಬ್ರುವರಿಯಲ್ಲಿ ಅವರೇ ಸೇರಿ ಕಟ್ಟಿದ್ದು ದಿನೇಶ್ ಬೀಡಿ. ಕಣ್ಣೂರಿನಲ್ಲಿ ಕೇಂದ್ರ ಸಂಘ, ಅದರ ಕೆಳಗೆ ಊರೂರಿನ ಸಂಘಗಳು. ಏರುಕಾಲದಲ್ಲಿ 42 ಸಾವಿರ ಮಂದಿ ಅದರಲ್ಲಿದ್ದರು. ಹೊಗೆ ಬಿಡುವವರು ಕಡಿಮೆಯಾದಾಗ ಕೊಡೆ, ಮಸಾಲೆಪುಡಿ, ಬಟ್ಟೆ ಎಂದು ಬೇರೆ ಕೆಲಸಕ್ಕೆ ಇಳಿದು ಉಳಿದುಕೊಂಡರು.

ಅಮ್ಮ ದಿನೇಶ್ ಸೇರಲಿಲ್ಲ. ಕೆಲವು ತಿಂಗಳು ಎಲೆ ಬರಲಿಲ್ಲ, ಆಮೇಲೆ ತಲಪಾಡಿಯ ಆಚೆಯ ಬ್ರಾಂಚಿನಿಂದ ಬಂತು, ಕಟ್ಟಿದಳು. ಸೇರಿದ್ದು ಅಮ್ಮನ ಅಣ್ಣ, ತೆಂಕಲಾಗಿನ ಸಂಘವೊಂದಕ್ಕೆ. ಅವನು ಹೇಳುತ್ತಿದ್ದದ್ದು ಬೋನಸ್ಸಿನ ಮಾತಲ್ಲ. ಓದುವವನ ಮಾತು. ಅಲ್ಲಿ ಒಬ್ಬ ಎತ್ತರದಲ್ಲಿ ಕೂತು ಪೇಪರು, ಕಾದಂಬರಿ ಗಟ್ಟಿಯಾಗಿ ಓದುವುದು. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. "ಸಂಘದ ಲೆಕ್ಕವನ್ನೂ ಹಾಗೇ ಓದುವುದು" ಎಂದು ಮಾವ ಹೇಳಿದಾಗ ಅಮ್ಮ, "ಓದಿದರೆ ದುಡ್ಡು ಜಾಸ್ತಿ ಆಗ್ತದಾ?" ಎಂದು ಕೇಳಿದ್ದಳು. ಮಾವ ಉತ್ತರ ಕೊಟ್ಟಿರಲಿಲ್ಲ. ಎಲೆಗೆ ಕತ್ತರಿ ಹಾಕಿದ.

22 ಅಕ್ಟೋಬರ್, ಮಂಗಳವಾರ. ತುರ್ಭೆ

ನಸುಕಿನಲ್ಲೇ ಅಳಿಯನ ಟೆಂಪೊದಲ್ಲಿ ಶಿಳ್‌ಫಾಟಾ, ಮಹಾಪೆ ದಾಟಿ ಎಪಿಎಂಸಿಗೆ. ಹಬ್ಬದ ಈರುಳ್ಳಿ, ಬಟಾಟೆ ಒಟ್ಟಿಗೆ ಕೊಂಡರೆ ಉಳಿತಾಯವೆಂದು ಅವನ ಲೆಕ್ಕ. ನನಗೆ ಮಾರುಕಟ್ಟೆ ನೋಡುವ ಆಸೆ. ಮಸ್ಜಿದ್ ಬಂದರಿನ ಸಗಟು ಪೇಟೆಗಳು 1980ರ ದಶಕದಿಂದ ಒಂದೊಂದಾಗಿ ಇಲ್ಲಿಗೆ ಬಂದವು.

ಲಾರಿ ಇಳಿಸುತ್ತಿದ್ದ ಮಾಥಾಡಿಗಳಲ್ಲಿ ಒಬ್ಬರು ಅಳಿಯನೂ ನಾನೂ ಮಾತಾಡುವುದು ಕೇಳಿ, "ಎಲ್ಲ್ಯಾವ್ರು ರೀ?" ಎಂದರು. ಜತ್ತ ತಾಲೂಕಿನವರು. ಸಾಂಗ್ಲಿ ಜಿಲ್ಲೆ, ಮನೆಯಲ್ಲಿ ಕನ್ನಡ. 26 ವರ್ಷದಿಂದ ಇಲ್ಲಿ ಹೊರುತ್ತಿದ್ದಾರೆ. ಕುತ್ತಿಗೆಯ ಹಿಂದೆ ಗಂಟು ಕಟ್ಟಿ ಗಟ್ಟಿಯಾದ ಚರ್ಮ. ಕೈಯಲ್ಲಿ ಮೂಟೆಗೆ ಸಿಕ್ಕಿಸುವ ಕೊಕ್ಕೆ.

ಅವರು ಹೇಳಿದ ಪದ್ಧತಿ ಹೀಗೆ. ಇಷ್ಟು ಜನರ ಒಂದು ಟೋಳಿ. ಹಮಾಲಿ, ವಾರಾಯಿ ಎಂದು ದರ ಗೊತ್ತು. ಮಜೂರಿಯ ಜೊತೆ ವ್ಯಾಪಾರಿ ಲೆವಿಯನ್ನೂ ಮಾಥಾಡಿ ಮಂಡಳಿಗೆ ಕಟ್ಟಬೇಕು. ಪಿಎಫ್, ಗ್ರ್ಯಾಚುಟಿ, ಬೋನಸ್ ಎಲ್ಲ ಅದರಿಂದ. ಅಣ್ಣಾಸಾಹೇಬ ಪಾಟೀಲರು ಹೋರಾಡಿ ತಂದ 1969ರ ಕಾಯ್ದೆ. ನನಗಿದು ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು.

"ನಿಮ್ಮ ಟೋಳಿಯಲ್ಲಿ ಪಾಲು ಹೆಂಗ?"

"ಎಲ್ಲಾರಿಗೂ ಸಮ ರೀ. ಅಂದು ಬಂದವ್ರಿಗೆ ಎಲ್ಲಾ."

ತೂಕದ ಕಾಟಾದ ಬಳಿ ಕೂತು ಚೀಲಕ್ಕೆ ದಬ್ಬಳ ಹಾಕುತ್ತಿದ್ದ ಮುದುಕರನ್ನು ತೋರಿಸಿದರು. "ಅವ್ರಿಗೆ ಬೆನ್ನ ಹೋಗೇದ. ಹೊರಂಗಿಲ್ಲ. ಮೂಟಿ ಎಣಸ್ತಾರ. ಅವ್ರಿಗೂ ಅಷ್ಟ." ಅಳಿಯ ಕೇಳಿದ, ಹೊರದವರಿಗೂ ಅಷ್ಟೇ ಕೊಟ್ಟರೆ ಹೊರುವವರಿಗೆ ಸಿಟ್ಟು ಬರುವುದಿಲ್ಲವೇ ಎಂದು. ಅವರು ನಕ್ಕರು. "ಎಣಸೋರು ನಮ್ಮವ್ರ ಇರ್ಬೇಕಲ್ರೀ."

ವಾಪಸ್ ಬರುವಾಗ ದಾರಿಯುದ್ದಕ್ಕೂ ಅಳಿಯ ಈರುಳ್ಳಿಯ ಭಾವದ ಬಗ್ಗೆಯೇ ಮಾತಾಡಿದ.

27 ಅಕ್ಟೋಬರ್, ಭಾನುವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನದಿಂದ ಯೋಚನೆ. ಓದುವವರು ಯಾರೂ ಇಲ್ಲ, ಬರೆಯುತ್ತೇನೆ.

1997ರ ದೀಪಾವಳಿ. ಕಂಪೆನಿಗೆ ಆರ್ಡರು ಚೆನ್ನಾಗಿದ್ದ ವರ್ಷ, ಮೂರು ಪಾಳಿ ನಡೆದಿತ್ತು. ಯೂನಿಯನ್ 20 ಕೇಳಿತು. ನನ್ನ ಫಾರ್ಮ್ ಎ ಪ್ರಕಾರ ಹಂಚಲು ಏನೂ ಇರಲಿಲ್ಲ. ಕಾಯ್ದೆಯ ಲೆಕ್ಕ ಕಲಿತರೆ ಬಹಳ ಸರಳ. ಒಟ್ಟು ಲಾಭದಿಂದ ಸವಕಳಿ ತೆಗೆ, ತೆರಿಗೆ ತೆಗೆ, ಷೇರು ಬಂಡವಾಳದ ಮೇಲೆ ಶೇ. 8.5, ಮೀಸಲು ನಿಧಿಯ ಮೇಲೆ ಶೇ. 6 ಮಾಲೀಕರಿಗೆಂದು ತೆಗೆ. ಉಳಿದದ್ದರಲ್ಲಿ ಶೇ. 60 ಕಾರ್ಮಿಕರಿಗೆ. ಶೇ. 60! ಕೇಳಲು ಸಮಾಜವಾದವೇ. ಆದರೆ ಉಳಿದರೆ ತಾನೆ? ಆ ವರ್ಷ ಗೋಡೌನ್ ಬಾಡಿಗೆ ಎಂದು ದೊಡ್ಡ ಮೊತ್ತವೊಂದು ಖರ್ಚಿಗೆ ಬಿದ್ದಿತ್ತು. ಗೋಡೌನು ಮಾಲೀಕರ ಮನೆಯವರದೇ. ಅದರಲ್ಲಿ ನಮ್ಮ ಒಂದು ಡ್ರಮ್ಮೂ ಇರಲಿಲ್ಲ. ವೋಚರು ಬರೆದವನು ನಾನು.

ಯೂನಿಯನ್ನಿನ ಕಾರ್ಯದರ್ಶಿ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ನನ್ನನ್ನು ಹಿಡಿದ. ಜಗಳಕ್ಕಲ್ಲ. ಮೆಲ್ಲಗೆ ಕೇಳಿದ, "ಅಣ್ಣಾ, ನೀವು ನೋಡಿದ್ದೀರಿ. ಲೆಕ್ಕ ಸರಿ ಇದೆಯಾ?"

"ಆಡಿಟ್ ಆಗಿದೆ" ಎಂದೆ.

ಅದು ಸುಳ್ಳಲ್ಲ. ಕಾಯ್ದೆಯ 23ನೇ ಕಲಮು ಹೇಳುವುದೂ ಅದನ್ನೇ. ಆಡಿಟ್ ಆದ ಕಂಪೆನಿ ಲೆಕ್ಕ ಸರಿಯೆಂದೇ ನ್ಯಾಯಮಂಡಳಿ ಹಿಡಿಯಬಹುದು, ಯೂನಿಯನ್ ಬೇಕಾದರೆ ಅರ್ಜಿ ಹಾಕಿ ವಿವರಣೆ ಕೇಳಬಹುದು. ಯಾವ ಸಾಲಿನ ವಿವರಣೆ ಕೇಳಬೇಕೆಂದು ಹೇಳಬಲ್ಲವರು ಒಳಗೆ ಕೂತವರು ಮಾತ್ರ. ಅವನು ಚಹಾದ ದುಡ್ಡು ಕೊಟ್ಟು ಹೋದ, ನನ್ನದೂ ಸೇರಿಸಿ.

ಕಾಯ್ದೆಯ ಲೆಕ್ಕಕ್ಕೆ ಆಗ ತಿಂಗಳ ಸಂಬಳ 2,500ಕ್ಕಿಂತ ಹೆಚ್ಚಿದ್ದರೂ 2,500 ಎಂದೇ ಹಿಡಿಯುವುದು. 8.33 ಎಂದರೆ 2,499 ರೂಪಾಯಿ. 20 ಎಂದರೆ 6,000. ತಲೆಗೆ 3,501 ರೂಪಾಯಿಯ ಮಾತು. ಫಾರ್ಮ್ ಸಿಯಲ್ಲಿ ನನ್ನ ಹೆಸರಿನ ಎದುರೂ 2,499ಕ್ಕೇ ಸಹಿ ಹಾಕಿದ್ದೇನೆ. ಅದು ಸಮಾಧಾನವಲ್ಲ. ನನಗೆ ಮುಂದಿನ ಏಪ್ರಿಲಿನಲ್ಲಿ ಪ್ರಮೋಷನ್ ಬಂತು.

2 ನವೆಂಬರ್, ಶನಿವಾರ. ಪಾಡ್ಯ

ಬೆಳಗ್ಗೆ ಕಲ್ಯಾಣ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ, ಕುಂಕುಮ, ಒಂದು ಸೇವಂತಿಗೆ. ಆಮೇಲೆ ಭಟ್ಟರನ್ನೂ ಕೂರಿಸಿಕೊಂಡು ಕಾಗದಕ್ಕೆ ಇಳಿದೆವು. ಒಂಬತ್ತು ಜನರ ಹೋಟೆಲಿಗೆ ಬೋನಸ್ ಕಾಯ್ದೆ ಅನ್ವಯಿಸುವುದಿಲ್ಲ. ಏನು ಬರೆದರೂ ನಾವು ನಾವೇ ಒಪ್ಪಿಕೊಂಡದ್ದು.

ನಮ್ಮವರ ಹೋಟೆಲುಗಳಲ್ಲಿ ಲಾಭದ ಪಾಲು ಹೊಸದಲ್ಲ. ಮೋರಿಯಲ್ಲಿ ಪ್ಲೇಟು ತೊಳೆಯಲು ಬಂದ ಹುಡುಗ ರಾತ್ರಿ ಶಾಲೆಗೆ ಹೋಗಿ, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಕ್ಯಾಶಿಗೆ ಬಂದು, ಕೊನೆಗೆ ವರ್ಕಿಂಗ್ ಪಾರ್ಟ್‌ನರ್ ಆಗುವುದು. ಅಳಿಯನ ಅಪ್ಪನೇ ಹಾಗೆ ಬಂದವನು. ಆದರೆ ಆ ಏಣಿ ಊರಿನವರಿಗೆ, ನೆಂಟರಿಗೆ, ಜಾತಿಯವರಿಗೆ. ಈಗ ಪ್ಲೇಟು ತೊಳೆಯುವವನು ಝಾರ್ಖಂಡಿನವನು. ಅವನಿಗೆ ಏಣಿ ಎಲ್ಲಿದೆ ಎಂದೂ ಗೊತ್ತಿಲ್ಲ, ತೋರಿಸುವವರೂ ಇಲ್ಲ.

ಅಳಿಯ ಶೇ. 10 ಎಂದ, ನಾನು 20 ಎಂದೆ, 15ಕ್ಕೆ ನಿಂತಿತು. ಅದು ಐದು ನಿಮಿಷದ ಮಾತು. ಒಂದೂವರೆ ಗಂಟೆ ಹಿಡಿದದ್ದು ಲಾಭ ಎಂದರೆ ಯಾವುದು ಎಂಬುದಕ್ಕೆ. ಅಳಿಯ ತನಗೆ ಬೇಕಾದಾಗ ಗಲ್ಲಾಪೆಟ್ಟಿಗೆಯಿಂದ ತೆಗೆಯುವುದು ನಿಲ್ಲಬೇಕು, ತಿಂಗಳಿಗೆ 40 ಸಾವಿರ ಸಂಬಳ ಎಂದು ಬರೆದುಕೊಳ್ಳಬೇಕು ಎಂದೆ. ಮುಖ ಸಣ್ಣದು ಮಾಡಿ ಒಪ್ಪಿದ. ಬಾಡಿಗೆ, ಲೈಟ್ ಬಿಲ್, ಗ್ಯಾಸ್, ಸ್ವಿಗ್ಗಿ ಜೊಮ್ಯಾಟೊ ಕಮಿಷನ್, ಎಲ್ಲ ಆಯಿತು. ಕಚ್ಚಾ ಬುಕ್ಕಿಗೆ ಬಂದಾಗ ನಿಂತ.

"ಅದು ಬೇಡ ಮಾವ. ಬಿಲ್ ಆಗದ್ದನ್ನು ಎಲ್ಲರ ಎದುರು ಓದುದು ಹೇಗೆ?"

ಭಟ್ಟರು ಅಷ್ಟರವರೆಗೆ ಮಾತಾಡಿರಲಿಲ್ಲ. ಎಲೆಯಡಿಕೆ ಬಾಯಿಯ ಒಂದು ಬದಿಗೆ ಸರಿಸಿ, "ಶೆಟ್ರೇ, ದಿನಕ್ಕೆ ಎಷ್ಟು ಹಿಟ್ಟು ರುಬ್ಬುದು ನಾನು. ರಾತ್ರಿ ಎಷ್ಟು ಉಳಿಯಿತು ನೋಡುದೂ ನಾನು. ಎಷ್ಟು ದೋಸೆ ಹೋಯಿತು ಅಂತ ತಿಳಿಯಲಿಕ್ಕೆ ನನಗೆ ಯಾವ ಬುಕ್ಕೂ ಬೇಡ" ಎಂದರು.

ಅಳಿಯ ಸುಮ್ಮನಾದ. ಕಾಗದದಲ್ಲಿ ಕೊನೆಯ ಸಾಲು ನನ್ನದು: ಪ್ರತಿ ತಿಂಗಳು 11ರ ಒಳಗೆ, ಹೋಟೆಲ್ ಮುಚ್ಚಿದ ಮೇಲೆ, ಹಿಂದಿನ ತಿಂಗಳ ಜಮಾ ಖರ್ಚು ಎರಡೂ ಬುಕ್ಕಿನದು ಎಲ್ಲರ ಎದುರು ಗಟ್ಟಿಯಾಗಿ ಓದತಕ್ಕದ್ದು. 'ಓದತಕ್ಕದ್ದು' ಎಂಬುದನ್ನು ಅಳಿಯ 'ಓದಬಹುದು' ಎಂದು ಮಾಡಲು ಕೇಳಿದ. ಆಗದು ಎಂದೆ.

11 ನವೆಂಬರ್, ಸೋಮವಾರ. ರಾತ್ರಿ, ಮನೆಗೆ ಬಂದು

ಮೊದಲ ಓದು. ಮಧ್ಯಾಹ್ನವೇ ಹೋಗಿ ಅಳಿಯನ ಚೀಟಿಗಳನ್ನೆಲ್ಲ ನೋಡಿ ಅಕ್ಟೋಬರಿನ ಪಟ್ಟಿ ಮಾಡಿದೆ. ಹತ್ತೂಮುಕ್ಕಾಲಿಗೆ ಶಟರು ಅರ್ಧ ಎಳೆದರು. ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಕವುಚಿ ಹಾಕಿದ್ದರಿಂದ ಕೆಲವರು ನೆಲದಲ್ಲೇ ಕೂತರು. ಫೆನಾಯಿಲ್ ವಾಸನೆ. ತಂದೂರಿನವನು ಕಂಬಕ್ಕೆ ಒರಗಿ ನಿದ್ದೆ ಹೋದ. ಕನ್ನಡ ಬಲ್ಲವರು ಮೂವರೇ, ಹಾಗಾಗಿ ಹಿಂದಿಯಲ್ಲಿ ಓದಿದೆ. ನನ್ನ ಹಿಂದಿಗೆ ಇಬ್ಬರು ನಕ್ಕರು.

ಜಮಾ ಓದಿದಾಗ ಎಲ್ಲರೂ ಸೆಟೆದು ಕೂತರು. ಅಷ್ಟು ದುಡ್ಡು ಬರುತ್ತದೆಂದು ಅವರಿಗೆ ಅಂದಾಜಿರಲಿಲ್ಲ. ಖರ್ಚು ಓದುತ್ತಾ ಹೋದಂತೆ ಮತ್ತೆ ಬೆನ್ನು ಬಾಗಿತು. ಬಾಡಿಗೆ ಕೇಳಿದಾಗ ಯಾರೋ "ಬಾಪ್ ರೇ" ಎಂದರು. ಕಿರಾಣಿಯನ್ನು ಸಾಲು ಸಾಲಾಗಿ ಓದಿದೆ: ಉದ್ದು, ದೋಸೆ ಅಕ್ಕಿ, ರವೆ, ಕುಚ್ಚಲಕ್ಕಿ ಎರಡು ಮೂಟೆ, ಎಣ್ಣೆ. ಕೊನೆಗೆ ಉಳಿದ ಲಾಭ 63 ಸಾವಿರ. ಅದರಲ್ಲಿ ಶೇ. 15 ಎಂದರೆ 9,450. ಒಂಬತ್ತು ಜನಕ್ಕೆ ತಲಾ 1,050.

"ಯಾರಿಗಾದರೂ ಕೇಳುವುದಿದೆಯಾ?" ಎಂದೆ. ಯಾರೂ ಮಾತಾಡಲಿಲ್ಲ. ಅಳಿಯ ಎದ್ದು ಶರ್ಟು ಸರಿ ಮಾಡಿಕೊಂಡ.

ಮೋರಿಯ ಹುಡುಗ ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ.

"ಸೇಠ್, ವೋ ಮೋಟಾ ಚಾವಲ್... ದೋ ಬೋರಿ... ವೋ ತೋ ಮೈ ಆಪ್ ಕೇ ಘರ್ ಪೇ ಚಢಾ ಕೇ ಆಯಾ ಥಾ."

ಆ ಕೆಂಪು ದಪ್ಪ ಅಕ್ಕಿಯನ್ನು ಅಳಿಯನ ಮನೆಗೆ, ಲಿಫ್ಟಿಲ್ಲದ ಮೂರನೆಯ ಮಾಳಿಗೆಗೆ, ಅವನೇ ಹೊತ್ತಿದ್ದ. ಭಟ್ಟರು "ಏ, ಚುಪ್" ಎಂದರು, ಆದರೆ ಅಳಿಯನ ಕಡೆ ನೋಡಲಿಲ್ಲ.

ಹೋಟೆಲಿನಲ್ಲಿ ಕುಚ್ಚಲಕ್ಕಿ ಬೇಯಿಸುವುದಿಲ್ಲ. ಅದು ಭಟ್ಟರಿಗೆ ಗೊತ್ತು. ನನಗೂ ಗೊತ್ತು, ಮಧ್ಯಾಹ್ನ ಅದೇ ಮನೆಯಲ್ಲಿ ಅದೇ ಅಕ್ಕಿಯ ಗಂಜಿ ಉಂಡು ಬಂದವನು ನಾನು. ಚೀಟಿ ಕಣ್ಣಿಗೆ ಬಿದ್ದಿತ್ತು. ಪಟ್ಟಿಗೆ ಬರೆದಿದ್ದೆ.

ಅಳಿಯ ನನ್ನ ಮುಖ ನೋಡಿದ. ನಾನು ಪೆನ್ನು ತೆಗೆದು ಆ ಸಾಲು ಹೊಡೆದೆ. ಎರಡು ಮೂಟೆಗೆ 3,000. ಲಾಭ 66 ಸಾವಿರ, ಪಾಲು 9,900. ತಲಾ 1,100.

ಐವತ್ತು ರೂಪಾಯಿ ಹೆಚ್ಚಾಯಿತು ಎಂದು ಹಿಂದಿಯಲ್ಲಿ ಹೇಳಿದೆ. ತಂದೂರಿನವನನ್ನು ಯಾರೋ ತಟ್ಟಿ ಎಬ್ಬಿಸಿ ಅದನ್ನೇ ಹೇಳಿದರು. ಹುಡುಗ ಆಗಲೇ ಮೋರಿಯ ಕಡೆ ಹೋಗಿದ್ದ, ನಾವು ಕುಡಿದ ಚಹಾದ ಲೋಟಗಳು ಬಾಕಿ ಇದ್ದವು.